ಕಾಜಾ ಹಾಕಿದ ಗಾಜು

ಹೊಸ ಮಷೀನು ಬಂದ ಮೂರನೇ ದಿನ ಉಜ್ಜಿನಮ್ಮಜ್ಜಿ ನೀರಿನ ಕಾರ್ಡು ಮುಟ್ಟಿಸಿ ಅದರ ಗಾಜಿನ ಮೇಲೆ ಅಂಗೈ ಇಟ್ಟಳು. ಗುಂಡಿ ಎಲ್ಲಿದೆ ಎಂದು ಹುಡುಕಲು ಇಟ್ಟದ್ದು, ಒತ್ತಲು ಅಲ್ಲ. ಮಷೀನಿಗೆ ಆ ವ್ಯತ್ಯಾಸ ತಿಳಿಯಲಿಲ್ಲ. ಕ್ಯಾನು ಇನ್ನೂ ತಳ್ಳುಗಾಡಿಯ ಮೇಲೆ ಇರುವಾಗಲೇ ನಲ್ಲಿಯಿಂದ ನೀರು ಸುರಿದು ಅವಳ ಸೀರೆಯ ಅಂಚು, ನನ್ನ ಚಪ್ಪಲಿ, ಹಿಂದೆ ನಿಂತಿದ್ದ ರಾಧಕ್ಕನ ಕಾಲು ಎಲ್ಲವನ್ನೂ ತೋಯಿಸಿತು.

“ಏನ್ ಉಜ್ಜಿನಮ್ಮಾ, ಬೀದಿಗೆ ನೀರ್ ಹೊಡದ್ರಿ. ಹಂಗ ರಂಗೋಲಿನೂ ಹಾಕಿಬಿಡ್ರಿ,” ಎಂದಳು ರಾಧಕ್ಕ. ಸಾಲಿನಲ್ಲಿದ್ದವರು ನಕ್ಕರು.

ತೆಲುಗು ನಾಡಿನ ಗಡಿಯಲ್ಲಿರುವ ರಾಯದುರ್ಗದಲ್ಲಿ ನಾವು ಕೆಲಸ ಮಾಡುವ ಜೀನ್ಸ್ ಯೂನಿಟ್ಟಿನ ಗೋಡೆ ಮುಗಿಯುವಲ್ಲಿ ವಾರ್ಡಿನ ಫಿಲ್ಟರ್ ನೀರಿನ ಘಟಕ ಇದೆ. ಹಳೆಯ ಮಷೀನಿಗೆ ಎರಡು ಕಬ್ಬಿಣದ ಗುಂಡಿಗಳಿದ್ದವು. ಕಾರ್ಡು ಮುಟ್ಟಿಸಿ ಮೇಲಿನದನ್ನು ಒತ್ತಿದರೆ ನೀರು ಬರುತ್ತಿತ್ತು, ಕೆಳಗಿನದನ್ನು ಒತ್ತಿದರೆ ನಿಲ್ಲುತ್ತಿತ್ತು. ಉಜ್ಜಿನಮ್ಮಜ್ಜಿಗೆ ಆರು ವರ್ಷದಿಂದ ಕಣ್ಣು ಕಾಣಿಸುವುದಿಲ್ಲ. ಅದಕ್ಕೂ ಮೊದಲು ಅವಳು ಯೂನಿಟ್ಟಿನಲ್ಲೇ ಹೊಲಿದ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ಕಣ್ಣು ಹೋದ ಮೇಲೆ ಯೂನಿಟ್ಟಿಗೆ ಕುಡಿಯುವ ನೀರು ತರುವ ಕೆಲಸ ಹಿಡಿದಳು. ಬೆಳಿಗ್ಗೆ ನಾಲ್ಕು ಕ್ಯಾನು, ಮಧ್ಯಾಹ್ನ ನಾಲ್ಕು. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈ ತಳ್ಳುಗಾಡಿಯ ಮೇಲೆ. ದಾರಿಯಲ್ಲಿ ಯಾರಾದರೂ ಬೈಕು ನಿಲ್ಲಿಸಿದ್ದರೆ ಅದರ ಸೀಟಿನ ಮೇಲೆ ಪಟಪಟ ಬಾರಿಸಿ, ಬೈಕಿನವನು ಬರುವವರೆಗೂ ಬಯ್ಯುತ್ತ ನಿಲ್ಲುತ್ತಿದ್ದಳು.

ನಾನು ಅಗಳಿ ಕಡೆಯವಳು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ವರ್ಷ ಇಲ್ಲಿಗೆ ಬಂದೆ. ನಮ್ಮೂರಿನ ಹುಡುಗಿಯರೆಲ್ಲ ಗಾರ್ಮೆಂಟ್ಸಿಗೆಂದು ಹಿಂದೂಪುರಕ್ಕೋ ಬೆಂಗಳೂರಿಗೋ ಹೋದರು. ನಮ್ಮ ಚಿಕ್ಕಮ್ಮ ಇಲ್ಲಿ ಹೊಲಿಯುತ್ತಿದ್ದಳೆಂದು ನನ್ನನ್ನು ಇಲ್ಲಿಗೆ ಕಳಿಸಿದರು. ಮರುವರ್ಷ ಚಿಕ್ಕಮ್ಮ ಊರಿಗೆ ವಾಪಸಾದಳು. ನಾನು ಉಜ್ಜಿನಮ್ಮಜ್ಜಿಯ ಕೋಣೆಯಲ್ಲಿ ಉಳಿದೆ. ನನಗೆ ಮಾತು ಬರುವುದು ಕಡಿಮೆ. ಅವಳು ಇಬ್ಬರ ಪಾಲಿನದನ್ನೂ ಆಡುತ್ತಿದ್ದಳು.

ನೀರು ನಿಂತ ಮೇಲೆ ಘಟಕ ನೋಡಿಕೊಳ್ಳುವ ಮಾರೇಶಣ್ಣ ಹೊರಗೆ ಬಂದ.

“ಕಾರ್ಡ್ ಇಲ್ಲಿ ಕೊಡು ಉಜ್ಜಿನಮ್ಮ. ನಾನಾ ಹಿಡಿದು ಕೊಡ್ತೀನಿ. ದಿನಾ ಕೊಡ್ತೀನಿ. ನೀನ್ ಯಾಕ ಒದ್ದಾಡ್ತಿ?”

“ನೀನ್ ಊರಿಗೆ ಹೋದ್ರ?”

“ಯಾರಾದ್ರೂ ಹಿಡೀತಾರ.”

“ಯಾರಾದ್ರೂ ಹಿಡಿಯಂಗಿದ್ರ ನನಗ್ಯಾಕ ಕೆಲಸ ಕೊಡ್ತಾರ ಮಾರೇಶ? ಆ ಯಾರಾದ್ರೂ ಅನ್ನೋರಿಗೇ ಕೊಡ್ತಾರ.”

ಅವಳು ಹೇಳಿದಂತೆಯೇ ಆಯಿತು. ಆ ದಿನ ಅವಳ ಕ್ಯಾನುಗಳನ್ನು ನಾನು ತುಂಬಿಸಿದೆ. ನನ್ನ ಮಷೀನು ಅರ್ಧ ಗಂಟೆ ಖಾಲಿ ಇತ್ತು. ಯೂನಿಟ್ಟಿನ ಮಾಲೀಕ ದೊಡ್ಡಮಲ್ಲಪ್ಪನವರು ಕೆಟ್ಟವರಲ್ಲ, ಆದರೆ ಖಾಲಿ ಮಷೀನು ಕಂಡರೆ ನಷ್ಟದ ಲೆಕ್ಕ ಹಾಕತೊಡಗುತ್ತಾರೆ.

“ಉಜ್ಜಿನಮ್ಮ, ಸೋಮವಾರದತನಕ ನೋಡ್ತೀನಿ. ಆಮ್ಯಾಲ ಆಟೋದಾಗ ಕ್ಯಾನ್ ತರಸ್ತೀನಿ. ನಲವತ್ತು ಮಂದಿ ನೀರಿಲ್ಲದ ಹೊಲಿಯಾಕ ಆಗ್ತದೇನು?”

“ಸೋಮವಾರ ನೀರು ಇರ್ತದ.”

“ಹೆಂಗ?”

“ಹೆಂಗ ಅಂತ ಸೋಮವಾರ ಕೇಳ್ರಿ.”

ಅವತ್ತು ಮಂಗಳವಾರ. ಸಂಜೆ ಕೋಣೆಯಲ್ಲಿ ನಾನೂ ಅದನ್ನೇ ಕೇಳಿದೆ, “ಎಂಗಜ್ಜಿ?”

“ನನಗೇನ್ ಗೊತ್ತು? ನೀನ್ ಯೋಚನಿ ಮಾಡು. ಕಣ್ಣಿರಾಕಿ ನೀನು.”

ಬುಧವಾರ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಒಂದು ಗಂಟೆ ಘಟಕದ ಎದುರಿನ ಕಟ್ಟೆಯ ಮೇಲೆ ಕೂತು ನೋಡಿದೆ. ಮಾತಾಡುವುದಕ್ಕಿಂತ ನೋಡುವುದು ನನಗೆ ಸುಲಭ. ಕಾರ್ಡು ಮುಟ್ಟಿಸುವವರೆಗೆ ಗಾಜು ಕಪ್ಪಗಿರುತ್ತದೆ. ಮುಟ್ಟಿಸಿದ ಮೇಲೆ ಮೂರು ಚೌಕಗಳು ಮೂಡುತ್ತವೆ. ಮೇಲೆ ಎಡಕ್ಕೆ ಬಿಂದಿಗೆ, ಮೇಲೆ ಬಲಕ್ಕೆ ಕ್ಯಾನು, ಕೆಳಗೆ ಬಲಮೂಲೆಯಲ್ಲಿ ನಿಲ್ಲಿಸುವುದು. ಬಿಂದಿಗೆ ಒತ್ತಿದರೆ ಹತ್ತು ಲೀಟರು, ಕ್ಯಾನು ಒತ್ತಿದರೆ ಇಪ್ಪತ್ತು, ತಾನಾಗಿ ನಿಲ್ಲುತ್ತದೆ. ಗಾಜು ಎಲ್ಲ ಕಡೆಯೂ ಒಂದೇ ನುಣುಪು. ಬರಿಯ ಉಜ್ಜಿನಮ್ಮಜ್ಜಿಯ ಪಾಡಲ್ಲ ಅದು. ಕೈ ನಡುಗುವ ಸಣ್ಣತಿಮ್ಮಪ್ಪ ತಾತನ ಬೆರಳು ಬಿಂದಿಗೆಯಿಂದ ಜಾರಿ ಕ್ಯಾನಿನ ಮೇಲೆ ಹೋಗುತ್ತಿತ್ತು. ಅಕ್ಷರ ಸಣ್ಣದೆಂದು ಇನ್ನೊಬ್ಬಾಕೆ ಗಾಜಿಗೆ ಮೂಗು ತಾಗಿಸಿದಳು, ಮೂಗಿಗೂ ನೀರು ಬಂತು.

“ಇದಕ್ಕೆ ಮಾತು ಬರಲ್ವಾ ಅಣ್ಣ?” ಎಂದು ಮಾರೇಶಣ್ಣನನ್ನು ಮೆಲ್ಲಗೆ ಕೇಳಿದೆ.

“ಒಳಗ ಧ್ವನಿ ಐತಂತ. ಗದ್ಲ ಆಗ್ತದಂತ ಬಂದ್ ಮಾಡ್ಯಾರ. ಪಾಸ್‌ವರ್ಡ್ ಮಷೀನ್ ಕಂಪನಿಯೋರ ಹತ್ರ ಐತಿ.”

ಆಗಲೇ ಒಬ್ಬ ಹೆಂಗಸು ಸುಟ್ಟ ಬೆರಳಿಗೆ ಸೆರಗು ಸುತ್ತಿಕೊಂಡು ಒತ್ತಿದಳು. ನೀರು ಬರಲಿಲ್ಲ. ಮತ್ತೆ ಒತ್ತಿದಳು, ಬರಲಿಲ್ಲ. ಸೆರಗು ಬಿಚ್ಚಿ ಒತ್ತಿದಾಗ ಬಂತು. ನಾನು ಕಟ್ಟೆಯಿಂದ ಎದ್ದುಬಿಟ್ಟೆ. ಬಟ್ಟೆಯ ಮೇಲಿಂದ ಮುಟ್ಟಿದರೆ ಗಾಜಿಗೆ ಗೊತ್ತಾಗುವುದಿಲ್ಲ. ಹಾಗಾದರೆ ಗಾಜಿಗೆ ಬಟ್ಟೆ ಹೊದಿಸಿ, ಚೌಕ ಇರುವಲ್ಲಿ ಮಾತ್ರ ತೂತು ಬಿಟ್ಟರೆ ಅಜ್ಜಿ ಎಷ್ಟು ಬೇಕಾದರೂ ತಡವಬಹುದು. ತೂತಿನೊಳಗೆ ಬೆರಳು ಇಳಿದಾಗ ಮಾತ್ರ ಅದು ಒತ್ತಿದ ಲೆಕ್ಕ.

ಕಾಗದವನ್ನು ಗಾಜಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡೆ. ಕಟಿಂಗ್ ಟೇಬಲಿನ ಕೆಳಗೆ ಬಿದ್ದಿದ್ದ ದಪ್ಪ ಜೀನ್ಸ್ ತುಂಡು ತೆಗೆದುಕೊಂಡು, ಎರಡು ಬೆರಳು ಹೋಗುವಷ್ಟು ಮೂರು ತೂತು ಕತ್ತರಿಸಿ, ಅಂಗಿಯ ಗುಂಡಿಗೆ ಕಾಜಾ ಹೊಲಿದಂತೆ ಸುತ್ತಲೂ ಕೈಯಲ್ಲೇ ದಾರ ಹೊಲಿದೆ. ಯಾವುದು ಬಿಂದಿಗೆ, ಯಾವುದು ಕ್ಯಾನು ಎಂದು ತಿಳಿಯಲು ಪಕ್ಕದಲ್ಲಿ ಕೆಂಪು ದಾರದಲ್ಲಿ ಒಂದು ಹೂವು, ಎರಡು ಹೂವು ಹಾಕಿದೆ. ನಾಲ್ಕು ಮೂಲೆಗೆ ಮಕ್ಕಳ ಪ್ಯಾಂಟಿಗೆ ಹಾಕುವ ಎಲಾಸ್ಟಿಕ್. ಬುಧವಾರ, ಗುರುವಾರ ಎರಡು ದಿನದ ಊಟದ ಹೊತ್ತು ಅದಕ್ಕೇ ಹೋಯಿತು. ಅಜ್ಜಿಗೆ ತೋರಿಸಲಿಲ್ಲ. ಮುಗಿಸಿ ಒಮ್ಮೆಲೇ ತೋರಿಸಬೇಕೆಂಬ ಆಸೆ ಇತ್ತು.

ಗುರುವಾರ ಸಂಜೆ ಯೂನಿಟ್ಟು ಬಿಟ್ಟ ಹೊತ್ತು. ಸಾಲು ಉದ್ದಕ್ಕಿತ್ತು. ನಾನು ಕಪ್ಪು ಗಾಜಿಗೆ ಬಟ್ಟೆ ತೊಡಿಸಿ ಅಜ್ಜಿಯ ಕೈ ಹಿಡಿದು ಅದರ ಮೇಲಿಟ್ಟೆ.

“ಮಷೀನಿಗೂ ಪ್ಯಾಂಟ್ ಹಾಕಿದ್ರು ನೋಡ್ರಿ!” ಎಂದು ಹಿಂದಿನಿಂದ ಯಾರೋ ಕೂಗಿದರು.

ಅಜ್ಜಿ ಬಿಂದಿಗೆಯನ್ನು ನಲ್ಲಿಯ ಕೆಳಗೆ ಇಟ್ಟಳು, ಕಾರ್ಡು ಮುಟ್ಟಿಸಿದಳು, ಒಂದು ಹೂವಿನ ಪಕ್ಕದ ತೂತು ಹುಡುಕಿ ಬೆರಳಿಳಿಸಿದಳು. ನೀರು ಬಂತು. ನನಗೆ ಕುಣಿಯುವಷ್ಟು ಖುಷಿ. ಬಿಂದಿಗೆ ತುಂಬಿತು. ನೀರು ನಿಲ್ಲಲಿಲ್ಲ. ಬಾಯಿಂದ ಉಕ್ಕಿ, ಕಟ್ಟೆ ದಾಟಿ, ಬೀದಿಗೆ ಹರಿಯಿತು. ಅಜ್ಜಿ ಕೆಳಗಿನ ತೂತಿಗೆ ಬೆರಳಿಟ್ಟು ಒತ್ತಿದಳು. ಮತ್ತೆ ಒತ್ತಿದಳು. ಆ ತೂತಿನೊಳಗೆ ಬರಿಯ ಕಪ್ಪು ಗಾಜು ಇರುವುದನ್ನು ನಾನು ಆಗ ನೋಡಿದೆ. ನಿಲ್ಲಿಸುವ ಚೌಕ ಆಚೆ ಮೂಲೆಯಲ್ಲಿ ಬಟ್ಟೆಯ ಕೆಳಗೆ ಇತ್ತು. ಇಪ್ಪತ್ತು ಲೀಟರು ಪೂರ್ತಿ ಬಿದ್ದ ಮೇಲೆಯೇ ಅದು ನಿಂತದ್ದು.

“ಬಟ್ಟಿ ಹಾಕಿದ್ದು ನೀರ್ ಸೋಸಾಕೇನು ಶೃತಿ?” ಎಂದಳು ರಾಧಕ್ಕ.

ನನಗೆ ತಲೆ ಎತ್ತಲಾಗಲಿಲ್ಲ. ಅಜ್ಜಿ ಎಲಾಸ್ಟಿಕ್ ಕಳಚಿ ಬಟ್ಟೆಯನ್ನು ತೆಗೆದು ಎರಡೂ ಮಗ್ಗುಲು ಸವರಿದಳು. ಸವರುತ್ತ ಸವರುತ್ತ ಅವಳ ಮುಖದಲ್ಲಿ ನಗು ಬಂತು.

“ಹುಡಿಗೀ, ಗುರುತು ಒಳಮಗ್ಗಲಿಗೆ ಹಾಕಿದ್ಯಲ್ಲ?”

ಜೀನ್ಸ್ ಹೊಲಿಯುವವರಿಗೆ ಬಟ್ಟೆಯ ಒಳಮಗ್ಗುಲೇ ಕೆಲಸದ ಮಗ್ಗುಲು. ಸೀಮೆಸುಣ್ಣದ ಗುರುತು ಒಳಗೇ ಹಾಕುತ್ತೇವೆ, ಒಳಗೇ ಹೊಲಿಯುತ್ತೇವೆ, ಕೊನೆಗೆ ತಿರುವುತ್ತೇವೆ. ಮೂರು ವರ್ಷ ಅದನ್ನೇ ಮಾಡಿದ ನನ್ನ ಕೈ ಇಲ್ಲೂ ಅದನ್ನೇ ಮಾಡಿತ್ತು. ತಿರುವಿ ಗಾಜಿಗೆ ತೊಡಿಸಿದಾಗ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು. ಒಂದು ಹೂವಿನ ತೂತು ಕ್ಯಾನಿನ ಚೌಕದ ಮೇಲೆ ಕೂತಿತ್ತು.

“ಮಷೀನನ್ನೂ ಪ್ಯಾಂಟ್ ಅಂದ್ಕಂಡಿ,” ಎಂದು ಅಜ್ಜಿ ಗಟ್ಟಿಯಾಗಿ ನಕ್ಕಳು. ಆಮೇಲೆ ಬೆರಳು ಹೂವಿನ ಮೇಲೆ ನಿಂತಿತು. “ಇದೇನಿದು, ಗುಬುರು ಗುಬುರು?”

“ಹೂವು ಕಣಜ್ಜಿ. ಚೆನ್ನಾಗಿರ್ಲಿ ಅಂತ.”

“ಯಾರಿಗೆ?”

ನಾನು ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡೆ.

“ನನಗ ಹೊಲಿಯಾಕಿ ನನ್ನ ಕೈ ಕೇಳಬೇಕಾಗಿತ್ತು,” ಎಂದಳು. ಬಯ್ಯುವ ದನಿಯಲ್ಲ. ಆದರೂ ಆ ಮಾತು ರಾಧಕ್ಕನ ಮಾತಿಗಿಂತ ಹೆಚ್ಚು ಚುಚ್ಚಿತು.

ಶುಕ್ರವಾರ ಊಟದ ಹೊತ್ತಿಗೆ ಅವಳು ಕಟಿಂಗ್ ಟೇಬಲಿನ ಪಕ್ಕ ಬಂದು ಕೂತಳು. ಹೂವು ಬೇಡ ಎಂದಳು. ನಮ್ಮಲ್ಲಿ ಪ್ಯಾಂಟಿನ ಎಡಗಾಲಿನ ತುಂಡಿನ ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕುತ್ತಾರೆ, ಬಲಗಾಲಿನದಕ್ಕೆ ಎರಡು. ಹೊಲಿಯುವವರು ನೋಡದೆಯೇ ಬೆರಳಿನಲ್ಲಿ ಜೋಡಿ ಹುಡುಕುತ್ತಾರೆ. ಅದೇ ಕಚ್ಚು ಸಾಕು ಎಂದಳು. ಬಿಂದಿಗೆಗೆ ಒಂದು, ಕ್ಯಾನಿಗೆ ಎರಡು. ನಿಲ್ಲಿಸುವ ತೂತಿನ ಕೆಳಗೆ, ಜೇಬಿನ ಮೂಲೆ ಹರಿಯದಂತೆ ಹಾಕುತ್ತೇವಲ್ಲ, ಅಂಥ ಗಟ್ಟಿ ಹೊಲಿಗೆಯ ಅಡ್ಡಪಟ್ಟಿ. ಆ ತೂತು ಉಳಿದೆರಡಕ್ಕಿಂತ ದೊಡ್ಡದಿರಬೇಕು. “ಹೆದರಿದಾಗ ಬೆರಳು ಸಣ್ಣ ತೂತಿಗೆ ಇಳಿಯಾದಿಲ್ಲ,” ಎಂದಳು. ಕೆಳ ಅಂಚನ್ನು ಮಾತ್ರ ಮಡಿಚಿ ಹೊಲಿಸಿದಳು, ತಲೆಕೆಳಗಾಗಿ ತೊಡಿಸಬಾರದೆಂದು. ಹೊಸ ತುಂಡಿನ ಹೊರಮಗ್ಗುಲಿಗೆ ಗುರುತು ಹಾಕಿ, ಪ್ರತಿ ತೂತನ್ನೂ ಅವಳ ಬೆರಳಿನ ಅಳತೆಗೆ ಕತ್ತರಿಸಿದೆ.

ಆ ಸಂಜೆ ಅವಳು ಒಂದು ಬಿಂದಿಗೆ ಹಿಡಿದಳು, ಒಂದು ಕ್ಯಾನು ಹಿಡಿದಳು. ನಡುವೆ ನಿಲ್ಲಿಸಿದಳು, ಮತ್ತೆ ಬಿಟ್ಟಳು. ಬೇಕೆಂದೇ ಎರಡು ಸಲ ನಿಲ್ಲಿಸಿದಳು. ಸಾಲಿನಲ್ಲಿದ್ದವರು ಗೊಣಗಿದರು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಬಟ್ಟೆ ತೆಗೆಯಹೋದರೆ ಹಿಂದೆ ನಿಂತಿದ್ದ ಸಣ್ಣತಿಮ್ಮಪ್ಪ ತಾತ ಬೇಡವೆಂದ. ತೂತಿನ ಅಂಚಿಗೆ ಬೆರಳು ಆನಿಸಿ ಒಂದೇ ಸಲಕ್ಕೆ ಬಿಂದಿಗೆ ಒತ್ತಿದ.

“ಬೆರಳು ಕುಣಿಯಾಕ ಬಿಡಂಗಿಲ್ಲ ನೋಡು ಇದು, ಹಿಡಕಂತದ,” ಎಂದ.

ಶನಿವಾರ ಮಧ್ಯಾಹ್ನ ನಾವು ಗಾಡಿ ತಳ್ಳಿಕೊಂಡು ಹೋದಾಗ ಕಂಪನಿಯ ಆಫೀಸರು ಬಂದಿದ್ದರು. ಕೊರಳಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಫೈಲು. “ಏಂಟಮ್ಮಾ ಇದಿ?” ಎಂದು, ಏನಮ್ಮಾ ಇದು ಎಂದು ತೆಲುಗಿನಲ್ಲಿ ಕೇಳುತ್ತಲೇ ಬಟ್ಟೆಯ ಎಲಾಸ್ಟಿಕ್ ಕಿತ್ತರು. ಹೊಸ ಮಷೀನಿಗೆ ಚಿಂದಿ ಕಟ್ಟಲು ಯಾರು ಹೇಳಿದರು ಎಂದು ಮಾರೇಶಣ್ಣನನ್ನು ಗದರಿದರು. ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

“ಅದು ಚಿಂದಿ ಅಲ್ರಿ, ನನ್ನ ಗುಂಡಿ,” ಎಂದಳು ಅಜ್ಜಿ.

ಅವರು ತಿರುಗಿ ನೋಡಿ, ಅವಳ ಕಣ್ಣು ಗಮನಿಸಿ, ಒಮ್ಮೆಲೇ ಮೆತ್ತಗಾದರು. ಅವರ ಕನ್ನಡ ತೆಲುಗಿನ ನಡುವೆ ನುಸುಳಿ ಬರುತ್ತಿತ್ತು. “ಅವ್ವಾ, ನೀನೇ ಬೇಕಾಗಿತ್ತು ನನಗೆ. ಇಲ್ಲೊಂದು ಹೆಬ್ಬೆಟ್ಟು ಒತ್ತು. ಕಣ್ಣು ಕಾಣದವರದೊಂದು ಬೇಕು ಅಂತ ಕೇಳ್ತಾರೆ ಮೇಲಿನವರು.”

“ಯಾತಕ್ಕ?”

“ಮಷೀನು ಒಪ್ಪಿಸಿಕೊಡೋ ಕಾಗದ. ಸುಮ್ನೆ ಪದ್ಧತಿ.”

“ಶೃತೀ, ಓದು.”

ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ತೆಲುಗನ್ನು ಬಸ್ಸಿನ ಬೋರ್ಡು ನೋಡಿ ಕಲಿತದ್ದು. ಅಕ್ಷರ ಅಕ್ಷರ ಕೂಡಿಸಿ ಓದಿ, ಕನ್ನಡದಲ್ಲಿ ಹೇಳಿದೆ. ದನಿ ನನಗೇ ಕೇಳಿಸುತ್ತಿರಲಿಲ್ಲ. “ಗಟ್ಟಿಗೆ,” ಎಂದಳು ಅಜ್ಜಿ. ಮತ್ತೆ ಹೇಳಿದೆ. “ಈ ಯಂತ್ರವನ್ನು ಅಂಧರು, ವೃದ್ಧರು, ಅಂಗವಿಕಲರು ಯಾರ ಸಹಾಯವೂ ಇಲ್ಲದೆ ತಾವೇ ಬಳಸಿ ನೋಡಿ ತೃಪ್ತರಾಗಿದ್ದಾರೆ.”

ಸಾಲಿನಲ್ಲಿದ್ದವರು ಹತ್ತಿರ ಸರಿದರು. ಆಮೇಲೆ ರಾಧಕ್ಕನೇ ಬಾಯಿ ಬಿಟ್ಟಳು. “ಹಂಗಾದ್ರ ಸಾರ್‌ಗೆ ಕಣ್ಣು ಕಟ್ರಿ! ಒಂದ್ ಬಿಂದಿಗಿ ಹಿಡದು ತೋರಿಸ್ಲಿ!”

ಎಲ್ಲರೂ ಹೋ ಎಂದರು. ಯಾರೋ ಟವೆಲು ಮುಂದೆ ಚಾಚಿದರು. ಅಜ್ಜಿ ಕೈ ಅಡ್ಡ ಮಾಡಿದಳು.

“ಬ್ಯಾಡ. ಎರಡು ನಿಮಿಷ ಕಣ್ಣು ಕಟ್ಟಿದ್ರ ಅವನಿಗೇನು ತಿಳೀತದ? ಹೆದರಿಕಿ ತಿಳೀತದ, ಅಷ್ಟ. ನನಗ ಹೆದರಿಕಿ ಇಲ್ಲ. ನನಗ ಇಲ್ಲದ್ದು ಗುಂಡಿ.”

ಆಫೀಸರು ಹೆಬ್ಬೆಟ್ಟಿನ ಶಾಯಿಡಬ್ಬಿ ತೆರೆದು ಹಿಡಿದೇ ಇದ್ದರು. “ಅವ್ವಾ, ಕೇಳು. ಈ ಕಾಗದ ಹೋಗದಿದ್ರೆ ಘಟಕ ಒಪ್ಪಿಸಿದ ಲೆಕ್ಕ ಆಗಲ್ಲ. ಆಮೇಲೆ ನೀರು ನಿಂತ್ರೆ ನನ್ನನ್ನ ಕೇಳಬೇಡಿ.”

ನಗು ಅಲ್ಲಿಗೇ ನಿಂತಿತು. ಖಾಲಿ ಬಿಂದಿಗೆ ಹಿಡಿದವರ ಮುಖಗಳು ಅಜ್ಜಿಯ ಕಡೆ ತಿರುಗಿದವು. ಅವಳಿಗೆ ಆ ಮುಖಗಳು ಕಾಣಲಿಲ್ಲ, ನನಗೆ ಕಂಡವು.

“ಒತ್ತಿಬಿಡು ಉಜ್ಜಿನಮ್ಮ,” ಎಂದಳು ರಾಧಕ್ಕ, ಈಗ ತಮಾಷೆ ಇಲ್ಲದೆ. “ಒಂದ್ ಹೆಬ್ಬೆಟ್ಟಲ್ಲ? ಮನ್ಯಾಗ ಹುಡುಗ್ರು ಅದಾವ.”

“ನಾನು ಒತ್ತಿದ್ರ ಈ ಗಾಜನ್ನ ನನ್ನ ಹೆಸರ್ಲೇ ಊರೂರಿಗೆ ಹಾಕ್ತಾರ ರಾಧಾ. ಪ್ರತಿ ಊರಾಗೂ ನನ್ನಂತಾಕಿ ಒಬ್ಬಾಕಿ ಇರ್ತಾಳ. ಆಕಿಗೆ ಹೊಲಿದು ಕೊಡಾಕ ಶೃತಿ ಇರಂಗಿಲ್ಲ.”

ಅವಳು ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಿಚಿಕೊಂಡಳು. ಆಫೀಸರು ಕಾಗದವನ್ನು ಗಾಡಿಯ ಮೇಲಿಟ್ಟು ಬೆವರು ಒರೆಸಿಕೊಂಡರು. ಪೆನ್ನು ಅದರ ಮೇಲೇ ಇತ್ತು. ನಾನು ಅದನ್ನು ತೆಗೆದುಕೊಂಡದ್ದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಸಾಲನ್ನು ಹೊಡೆದು ಹಾಕಿ, ಕೆಳಗಿದ್ದ ಖಾಲಿ ಜಾಗದಲ್ಲಿ ಕನ್ನಡದಲ್ಲಿ ಬರೆದೆ. “ಈ ಯಂತ್ರವನ್ನು ಉಜ್ಜಿನಮ್ಮನವರು ಒಬ್ಬರೇ ಬಳಸಲಾರರು. ಗಾಜಿನಲ್ಲಿ ಬೆರಳಿಗೆ ಸಿಗುವ ಗುರುತಿಲ್ಲ. ಧ್ವನಿಯನ್ನು ಬಂದ್ ಮಾಡಿದ್ದಾರೆ. ಬಟ್ಟೆಯ ಗುಂಡಿ ಹಾಕಿದಾಗ ಬಳಸಿದರು. ಅದನ್ನು ಇಂದು ಕಿತ್ತಿದ್ದಾರೆ.”

“ಏಯ್, ಏನ್ ಮಾಡ್ತಿದೀಯ? ಕನ್ನಡದಲ್ಲಿ ಬರೆದ್ರೆ ಆಫೀಸಲ್ಲಿ ಯಾರು ಓದ್ತಾರೆ?”

ಅದರ ಕೆಳಗೆ ತೆಲುಗಿನಲ್ಲೂ ಬರೆದೆ. ತಪ್ಪುಗಳಿದ್ದವು. ತಿದ್ದಲಿಲ್ಲ. ಬರೆದದ್ದನ್ನು ಸಾಲಿಗೆಲ್ಲ ಕೇಳುವಂತೆ ಓದಿದೆ. ಅಜ್ಜಿ ತಲೆಯಾಡಿಸಿ, ಮುಷ್ಟಿ ಬಿಚ್ಚಿ, ಶಾಯಿಗೆ ಹೆಬ್ಬೆಟ್ಟು ತಾಗಿಸಿ, “ಎಲ್ಲಿ?” ಎಂದಳು. ನಾನು ಅವಳ ಬೆರಳನ್ನು ನನ್ನ ಬರಹದ ಕೆಳಗೆ ತಂದಿಟ್ಟೆ. ಹೊಡೆದು ಹಾಕಿದ ಸಾಲಿನಿಂದ ದೂರ.

ಸಣ್ಣತಿಮ್ಮಪ್ಪ ತಾತ ಸಾಲು ಬಿಟ್ಟು ಮುಂದೆ ಬಂದ. “ನಂದೂ ತಗಳ್ರಿ,” ಎಂದು ನಡುಗುವ ಹೆಬ್ಬೆಟ್ಟು ಒತ್ತಿದ. ಅದು ಕದಡಿ ಬಾಲದ ಹಾಗೆ ಬಿತ್ತು. ರಾಧಕ್ಕ ಬಿಂದಿಗೆ ಕೆಳಗಿಡಲಿಲ್ಲ, ಬರಲೂ ಇಲ್ಲ. ಆದರೆ ತಾತನನ್ನು ತಡೆಯಲೂ ಇಲ್ಲ.

ಆಫೀಸರು ಕಾಗದವನ್ನು ಹರಿಯಲು ಹಿಡಿದು, ಸುತ್ತ ನೋಡಿ, ಫೈಲಿಗೆ ಹಾಕಿಕೊಂಡರು. ಬಟ್ಟೆಯನ್ನೂ ತುರುಕಿಕೊಂಡರು. ನಾಳೆ ಸಾಫ್ಟ್‌ವೇರ್ ಬದಲಾಗುತ್ತದೆ, ಚೌಕಗಳ ಜಾಗವೂ ಬದಲಾಗುತ್ತದೆ, ನಿನ್ನ ಈ ಚಿಂದಿ ಯಾವುದಕ್ಕೂ ಬರುವುದಿಲ್ಲ ಎಂದರು ನನಗೆ.

“ಬದ್ಲಾಯ್ಸಿ ಸಾರ್,” ಎಂದೆ. “ಎಷ್ಟ್ ಸಲ ಬೇಕಾದ್ರೂ ಬದ್ಲಾಯ್ಸಿ. ಅಷ್ಟ್ ಸಲಾನೂ ಹೊಲಿತೀನಿ.”

ಬೀದಿಯಲ್ಲಿ ನಿಂತು ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅಜ್ಜಿ ನನ್ನ ತೋಳು ಹಿಡಿದುಕೊಂಡಳು, ಆಸರೆಗೆ ಅವಳು ಹಿಡಿದಳೋ ನನಗೆ ಕೊಟ್ಟಳೋ ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಚೌಕಗಳ ಜಾಗ ನಿಜವಾಗಿಯೂ ಬದಲಾಯಿತು. ನಿಲ್ಲಿಸುವ ಚೌಕ ಮೇಲೆ ಬಂತು, ಉಳಿದೆರಡು ಒಂದರ ಕೆಳಗೊಂದು ಹೋದವು. ಭಾನುವಾರ ನಾವಿಬ್ಬರೂ ಕಾಗದ ಹಿಡಿದು ಹೋದೆವು. ಈ ಸಲ ಗುರುತು ಮಾಡುವಾಗ ಅವಳ ಬೆರಳು ನನ್ನ ಪೆನ್ಸಿಲಿನ ಮೇಲೇ ಇತ್ತು. “ಯಾವ ಮಗ್ಗಲು?” ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಹೊರಮಗ್ಗುಲು ಎಂದೆ. ರಾತ್ರಿಯೇ ಹೊಸ ಬಟ್ಟೆ ಹೊಲಿದು ಮುಗಿಸಿದೆ.

ಸೋಮವಾರ ಬೆಳಿಗ್ಗೆ ದೊಡ್ಡಮಲ್ಲಪ್ಪನವರು ತಾವೇ ಘಟಕದ ಹತ್ತಿರ ಬಂದು ನಿಂತರು. ಬಾಡಿಗೆ ಆಟೋ ಹಿಂದೆಯೇ ಇತ್ತು. ಅಜ್ಜಿ ಕಾರ್ಡು ಮುಟ್ಟಿಸಿದಳು, ಎರಡು ಕಚ್ಚು ಹುಡುಕಿದಳು, ಬೆರಳಿಳಿಸಿದಳು. ಮೊದಲ ಕ್ಯಾನು ತುಂಬಿ ನಿಂತಿತು. ಎರಡನೆಯದು. ಮೂರನೆಯದಕ್ಕೆ ಬೆರಳು ತಪ್ಪಿ ಬಿಂದಿಗೆಯ ತೂತಿಗೆ ಹೋಗಿ, ಅರ್ಧ ಕ್ಯಾನಿಗೇ ನೀರು ನಿಂತಿತು. ದೊಡ್ಡಮಲ್ಲಪ್ಪನವರು ಕೈ ಮುಂದೆ ಚಾಚಿದರು.

“ಮುಟ್ಟಬ್ಯಾಡ್ರಿ,” ಎಂದಳು ಅವಳು, ತಿರುಗದೆಯೇ. ಮತ್ತೆ ಕಾರ್ಡು ಮುಟ್ಟಿಸಿ ಇನ್ನೊಮ್ಮೆ ಬಿಂದಿಗೆ ಒತ್ತಿ ಕ್ಯಾನು ಪೂರ್ತಿ ಮಾಡಿದಳು. ನಾಲ್ಕನೆಯದೂ ತುಂಬಿತು. ಅವರು ಆಟೋದವನಿಗೆ ಹೋಗೆಂದು ಸನ್ನೆ ಮಾಡಿದರು.

ಅವಳು ಗಾಡಿ ತಿರುಗಿಸುವಾಗ ಮಾರೇಶಣ್ಣ ಫೋನು ಹಿಡಿದು ಒಳಗಿನಿಂದ ಬಂದ.

“ಉಜ್ಜಿನಮ್ಮ, ಆಫೀಸರ್ ಲೈನಿನಾಗ ಅದಾರ. ನಿಮ್ಮ ಕಾಗದ ನೋಡಿ ಮೇಲಿನೋರು ಏನೇನೋ ಕೇಳಾಕ ಹತ್ಯಾರಂತ. ಗುರುವಾರ ಹೊಸ ಕಾಗದ ತರ್ತಾರಂತ. ಹೆಬ್ಬೆಟ್ಟಿಗೆ ನೀ ಮನ್ಯಾಗ ಇರ್ತಿ ಏನು ಅಂತ ಕೇಳ್ತಾರ.”

“ಮನ್ಯಾಗ ಇರಂಗಿಲ್ಲ, ಇಲ್ಲೇ ಇರ್ತೀನಿ. ಬರಾಕ ಹೇಳು,” ಎಂದಳು ಅಜ್ಜಿ. “ಬರೋವಾಗ ಆ ಪಾಸ್‌ವರ್ಡ್ ತರ್ಲಿ. ಧ್ವನಿ ಹಾಕಿ, ಬೆರಳಿಗೆ ಸಿಗೋ ಗುಂಡಿ ಕೂಡ್ಸಿ, ನಾನು ನಾಕು ಕ್ಯಾನ್ ಹಿಡಿಯಾತನಕ ಈ ಸಾಲಿನ್ಯಾಗ ನಿಂದ್ರಲಿ. ಆಮ್ಯಾಲ ಹೆಬ್ಬೆಟ್ಟಿನ ಮಾತು.”

ಮಾರೇಶಣ್ಣ ಫೋನಿಗೆ ಅದನ್ನು ಹೇಗೆ ಹೇಳುವುದೆಂದು ಯೋಚಿಸುತ್ತ ನಿಂತ. ಆಫೀಸರಿಗೆ ಅಷ್ಟರಲ್ಲಿ ಎಲ್ಲ ಕೇಳಿಸಿಯೇ ಇರಬೇಕು.

“ದಾರಿ ಬಿಡ್ರಿ,” ಎಂದು ಅಜ್ಜಿ ಗಾಡಿ ತಳ್ಳಿದಳು. ರಾಧಕ್ಕ ಪಕ್ಕಕ್ಕೆ ಸರಿದಳು. ಬಟ್ಟೆ ಗಾಜಿನ ಮೇಲೆಯೇ ಇತ್ತು. ರಾಧಕ್ಕ ಅದನ್ನು ತೆಗೆಯದೆ, ಒಂದು ಕಚ್ಚಿನ ತೂತಿಗೆ ಬೆರಳಿಟ್ಟು ತನ್ನ ಬಿಂದಿಗೆ ಹಿಡಿದಳು.